ಮಂಟಪ, ಗೂಡು, ಮಣೆ: ಬೆಂಗಳೂರಿನ ಮನೆಯಲ್ಲಿ ದೇವರಿಗೆಲ್ಲಿ, ಹಿರಿಯರಿಗೆಲ್ಲಿ?

ಹಾಲುಕ್ಕಿಸಿ ಮನೆ ತುಂಬಿಕೊಂಡ ವಾರದೊಳಗೇ ಶುರುವಾಗುವ ಚರ್ಚೆ ಇದು. ದೇವರನ್ನು ಅಡುಗೆಮನೆ ಮೂಲೆಯಲ್ಲಿ ಇಡೋದಾ, ಹಾಲ್‌ನ ಗೋಡೆಗಾ? ಅಜ್ಜನ ಫೋಟೊ ದೇವರ ಪಕ್ಕದಲ್ಲೇ ಇರಬಹುದಾ? ಮಹಾಲಯಕ್ಕೆ ಎಡೆ ಇಕ್ಕುವಾಗ ಏನು ಮಾಡೋದು? ಅಂಗಡಿಗೆ ಹೋದರೆ ಮಂಟಪದ ಗಾತ್ರ, ಪಾಲಿಶ್, ಗೋಪುರದ ಕೆತ್ತನೆ ತೋರಿಸುತ್ತಾರೆ. ಅದನ್ನೆಲ್ಲ ನೋಡುವ ಮುಂಚೆ ಮೂರು ಲೆಕ್ಕ ಹಾಕಿಕೊಳ್ಳಿ: ಅಲ್ಲಿ ಬೆಂಕಿ ದಿನಕ್ಕೆಷ್ಟು ಹೊತ್ತು ಉರಿಯುತ್ತದೆ, ನೀರು ಎಷ್ಟು ಚೆಲ್ಲುತ್ತದೆ, ಎಷ್ಟು ಎಲೆ ಅನ್ನ ಬಡಿಸಬೇಕು. ಮಂಟಪವೋ ಗೂಡೋ ಮಣೆಯೋ ಎಂಬುದು ಈ ಲೆಕ್ಕದಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ.

ನಮ್ಮ ಪಕ್ಷಪಾತವನ್ನು ಮೊದಲೇ ಹೇಳಿಬಿಡುತ್ತೇವೆ. ಬಾಡಿಗೆ ಮನೆ ಅಥವಾ ಎರಡು ಬೆಡ್‌ರೂಮಿನ ಫ್ಲ್ಯಾಟ್ ಆದರೆ ದೇವರಿಗೆ ಎದೆಯೆತ್ತರದ ಒಂದು ಹಲಗೆ, ತೀರಿಕೊಂಡ ಹಿರಿಯರಿಗೆ ಹಬ್ಬ ಬಂದಾಗ ಹಾಸಿ ಆಮೇಲೆ ಎತ್ತಿಡುವ ಮಣೆ. ಎರಡನ್ನೂ ಒಂದೇ ಮಂಟಪಕ್ಕೆ ತುರುಕಿದರೆ ಎರಡೂ ಕೆಡುತ್ತವೆ. ದೇವರಿಗೆ ದಿನಕ್ಕೆ ಹತ್ತು ನಿಮಿಷದ ದೀಪ ಸಾಕು. ಹಿರಿಯರಿಗೆ ವರ್ಷಕ್ಕೊಮ್ಮೆ ಊಟ ಬಡಿಸಬೇಕು, ಅದಕ್ಕೆ ನೆಲ ಬೇಕು.

ಮೊದಲು, ಯಾರನ್ನು ಕೂರಿಸುತ್ತಿದ್ದೀರಿ

ಮನೆದೇವರು, ಗ್ರಾಮದೇವತೆ, ತೀರಿಕೊಂಡ ಹಿರಿಯರು, ಕಾವಲು ಕಾಯುವ ದೈವಗಳು ಎಲ್ಲರಿಗೂ ಒಂದೇ ಮರ್ಯಾದೆ ನಡೆಯುವುದಿಲ್ಲ. ಮಾದಪ್ಪನೋ ರಂಗನಾಥನೋ ಮನೆದೇವರಾದರೆ ಫೋಟೊ, ದೀಪ, ವಿಭೂತಿ ಅಥವಾ ನಾಮ ಇದ್ದರೆ ದಿನದ ಪೂಜೆ ನಡೆಯುತ್ತದೆ. ಮುನೇಶ್ವರನಂಥ ಕಾವಲು ದೈವವನ್ನು ಹಲವು ಮನೆಗಳಲ್ಲಿ ಹೊಸ್ತಿಲೊಳಗೆ ತರುವುದೇ ಇಲ್ಲ. ಅವನ ಜಾಗ ಮರದ ಬುಡ, ಹೊಲದ ಅಂಚು, ಬೀದಿಯ ಕೊನೆ. ಈ ಊರಿನಲ್ಲಿ ಅವನ ಹೆಸರಿನ ಬಡಾವಣೆಯೇ ಇದೆ, ಫ್ಲ್ಯಾಟಿನ ಶೆಲ್ಫಿಗೆ ಅವನನ್ನು ಇಳಿಸುವ ಅಗತ್ಯವೇನೂ ಇಲ್ಲ. ಮಾಂಸ, ಹೆಂಡ ಒಪ್ಪುವ ದೈವಕ್ಕೆ ಮನೆಯೊಳಗೆ ಜಾಗ ಮಾಡಿದರೆ, ಅದರ ಪಕ್ಕದ ಸಾಲಿಗ್ರಾಮದ ಗತಿಯೇನು ಎಂದು ಮನೆಯ ದೊಡ್ಡವರು ಕೇಳಿಯೇ ಕೇಳುತ್ತಾರೆ.

ತುಳುನಾಡಿನ ಮನೆಯವರಿಗೆ ದೈವದ ಮಣೆ-ಮಂಚ ಊರಿನ ಚಾವಡಿಯಲ್ಲಿ ಇರುತ್ತದೆ, ಕುಲೆಗಳಿಗೆ, ಅಂದರೆ ತೀರಿಕೊಂಡವರಿಗೆ, ಬಡಿಸುವುದೂ ಅಲ್ಲೇ. ಕೊಡವರಿಗೆ ಕುಲದ ಮೂಲಮನೆಯಾದ ಐನ್‌ಮನೆ, ಅದರ ಬಳಿಯ ಹಿರಿಯರ ಗುಡಿ ಕೈಮಡ. ಮೂಲಸ್ಥಾನ ಊರಲ್ಲೇ ಗಟ್ಟಿಯಾಗಿರುವಾಗ ಇಲ್ಲಿ ಅದರ ನಕಲು ಕಟ್ಟುವುದಕ್ಕಿಂತ ದೀಪ ಹಚ್ಚಿ ಊರಿನ ದಿಕ್ಕಿಗೆ ಕೈಮುಗಿಯುವುದು ಹೆಚ್ಚು ನೇರ. ಹರಕೆ ಇದ್ದರೆ ಮುಡಿಪು ಕಟ್ಟಿ: ಅರಿಸಿನ ಹಚ್ಚಿದ ಒಂದು ಗೇಣು ಬಿಳಿ ಬಟ್ಟೆ, ಒಳಗೆ ನಾಣ್ಯ, ಮೂರು ಗಂಟು. ಗೇಣು ಜಾಗದಲ್ಲಿ ಮುಗಿಯುವ ಗುಡಿ ಅದು. ಇಷ್ಟಲಿಂಗ ಕಟ್ಟಿಕೊಂಡವರಿಗಂತೂ ಅಂಗೈಯೇ ಪೀಠ. ಒಂದು ಮಣೆ, ಭಸ್ಮದ ಗಟ್ಟಿ, ನೀರಿನ ಗಿಂಡಿ ಸಾಕು, ಮಂಟಪದ ಖರ್ಚೇ ಇಲ್ಲ.

ಎಲ್ಲರೂ ಮೊದಲು ಕೊಳ್ಳುವುದು: ಮರದ ಮಂಟಪ

ಮಂಟಪದ ದೊಡ್ಡ ತೊಂದರೆ ಅದರ ಛಾವಣಿ. ಒಳಗಿನ ಎತ್ತರ 18 ಇಂಚು ಎಂದುಕೊಳ್ಳಿ. ಆರು ಇಂಚಿನ ಹಿತ್ತಾಳೆ ದೀಪ, ಮೇಲೆ ಒಂದೂವರೆ ಇಂಚು ಜ್ವಾಲೆ, ಕೆಳಗೆ ಎರಡು ಇಂಚಿನ ಮೆಟ್ಟಿಲು. ಜ್ವಾಲೆಯ ತುದಿಯಿಂದ ಮರಕ್ಕೆ ಉಳಿಯುವುದು ಎಂಟೂವರೆ ಇಂಚು. ಮೊದಲು ಕಾಣುವುದು ಬೆರಳಿಗೆ ಅಂಟುವ ಮಸಿ. ನಂತರ ಪಾಲಿಶ್ ಗುಳ್ಳೆಯೇಳುತ್ತದೆ, ಅಲ್ಲಿಂದಾಚೆ ಮರ ಕಂದುತ್ತದೆ. ಜ್ವಾಲೆಗೂ ಮೇಲಿನ ಮರಕ್ಕೂ ಕನಿಷ್ಠ ಒಂದೂವರೆ ಅಡಿ ಇರಲಿ. ಅಷ್ಟು ಇಲ್ಲದ ಮಂಟಪದಲ್ಲಿ ದೀಪ ಒಳಗೆ ಬೇಡ, ಮುಂದಿನ ಎಳೆಯುವ ತಟ್ಟೆಯ ಮೇಲೆ ಇಡಿ. ಎಳೆಯುವ ತಟ್ಟೆ ಇಲ್ಲದ ಮಂಟಪವನ್ನು ಕೊಳ್ಳಲೇಬೇಡಿ.

ಎರಡನೆಯದು ಒಳಗಿನ ಸರಕು. ಜಾಲಂಧ್ರ ಕೊರೆದ ಅಗ್ಗದ ಮಂಟಪಗಳು ಬಹುತೇಕ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಪರೀಕ್ಷೆ ಸುಲಭ: ಹಿಂಬದಿ ತಿರುಗಿಸಿ ಸ್ಕ್ರೂ ಹಾಕಿದ ತೂತು ನೋಡಿ. ರಟ್ಟಿನ ಪುಡಿಯಂಥದ್ದು ಉದುರಿದರೆ ಎಂಡಿಎಫ್, ಪದರ ಪದರವಾಗಿ ಕಂಡರೆ ಪ್ಲೈವುಡ್, ಮೇಲ್ಮೈಯ ಗೆರೆಯೇ ಅಂಚಿನಲ್ಲೂ ಮುಂದುವರಿದರೆ ಗಟ್ಟಿ ಮರ. ಎಂಡಿಎಫ್‌ಗೆ ಬೆಂಕಿಗಿಂತ ನೀರೇ ಶತ್ರು. ದಿನವೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತೀರಿ, ಹೂವಿನಿಂದ ನೀರು ಇಳಿಯುತ್ತದೆ, ಕೆಳಗಿನ ಅಂಚು ಬಿಸ್ಕತ್ತಿನಂತೆ ಊದಿಕೊಳ್ಳುತ್ತದೆ. ಒಮ್ಮೆ ಊದಿದ್ದು ಮತ್ತೆ ಕೂರುವುದಿಲ್ಲ. ಬಡಗಿಯಿಂದ ಮಾಡಿಸುವುದಾದರೆ 18 ಮಿ.ಮೀ. ದಪ್ಪದ ಪ್ಲೈವುಡ್ ಕೇಳಿ. ಹಲಗೆಯ ಮೇಲೆ ಐಎಸ್ 710 ಎಂಬ ಮುದ್ರೆ ಇದ್ದರೆ ಅದು ನೀರು ತಡೆಯುವ ಮೆರೈನ್ ದರ್ಜೆ. ಐಎಸ್ 303 ಎಂದರೆ ಸಾಮಾನ್ಯ ದರ್ಜೆ. ಅದರಲ್ಲೂ ಬಿಡಬ್ಲ್ಯುಆರ್ (ಕುದಿನೀರು ತಾಳುವಂಥದ್ದು) ಎಂದಿದ್ದರೆ ಪರವಾಗಿಲ್ಲ, ಎಂಆರ್ (ಬರೀ ತೇವ ತಾಳುವಂಥದ್ದು) ಎಂದಿದ್ದರೆ ಅಭಿಷೇಕ ಮಾಡುವ ಜಾಗಕ್ಕೆ ಬೇಡ. ತೇಗದ ತುಂಡುಗಳಿಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಒಂದು ಸುತ್ತು ಹಾಕಿ ಬನ್ನಿ.

ಸ್ವಂತ ಮನೆ, ಪೂಜೆಗೆ ಬೇರೆ ಕೋಣೆ, ದಿನಾ ವಿಗ್ರಹಕ್ಕೆ ಅಭಿಷೇಕ, ಇಷ್ಟೂ ಇದ್ದರೆ ಮಂಟಪ ಮಾಡಿಸಿ. ಹನ್ನೊಂದು ತಿಂಗಳ ಕರಾರಿನ ಮನೆಗೆ ಬೇಡ. ಮನೆ ಬದಲಿಸುವಾಗ ಗೋಪುರ ಮೊದಲು ಮುರಿಯುತ್ತದೆ.

ಗೋಡೆಗೂಡು ಮತ್ತು ಹಲಗೆ

ಹಳೇ ಬಸವನಗುಡಿ, ಮಲ್ಲೇಶ್ವರದ ಮನೆಗಳ ದಪ್ಪ ಗೋಡೆಯಲ್ಲಿ ಗೂಡು ಇರುತ್ತಿತ್ತು. ಸುಣ್ಣದ ಗಾರೆಗೆ ಬೆಂಕಿಯ ಹೆದರಿಕೆ ಇಲ್ಲ, ಮಸಿ ಹಿಡಿದರೆ ವರ್ಷಕ್ಕೊಮ್ಮೆ ಸುಣ್ಣ ಬಳಿದರೆ ಆಯಿತು. ಅಂಥ ಮನೆ ಸಿಕ್ಕಿದ್ದರೆ ಬೇರೆ ಯೋಚನೆಯೇ ಬೇಡ, ಗೂಡಿನಲ್ಲೇ ದೀಪ ಇಡಿ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಹಲವು ಅಲ್ಯೂಮಿನಿಯಂ ಅಚ್ಚಿನಲ್ಲಿ ಎರಕ ಹೊಯ್ದ ಪೂರ್ತಿ ಕಾಂಕ್ರೀಟ್ ಗೋಡೆಯವು, ಮೈವಾನ್ ಅಂತಾರಲ್ಲ ಅವು. ಆ ಗೋಡೆ ಕಟ್ಟಡವನ್ನೇ ಹೊತ್ತಿರುತ್ತದೆ, ಗೂಡು ಕೊರೆಯುವಂತಿಲ್ಲ. ಹಲಗೆಗೆ ಮೊಳೆ ಹೊಡೆಯಲೂ ಹ್ಯಾಮರ್ ಡ್ರಿಲ್ಲೇ ಬೇಕು.

ಹಲಗೆ ಎಷ್ಟಿರಬೇಕು? ಎರಡು ಅಡಿ ಅಗಲ, ಒಂದು ಅಡಿ ಆಳ, ನೆಲದಿಂದ ಮೂರೂವರೆಯಿಂದ ನಾಲ್ಕು ಅಡಿ ಎತ್ತರ. ಕಣ್ಣಮಟ್ಟಕ್ಕೆ ದೇವರು, ಕೈಗೆಟುಕುವಷ್ಟು ದೀಪ, ಮಕ್ಕಳಿಗೆ ಎಟುಕದಷ್ಟು ಬೆಂಕಿ. ಮೇಲೆ ಕರಿಕಲ್ಲಿನ ಚಪ್ಪಡಿ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಜಿಗಣಿ ಕಡೆಯ ಕಲ್ಲಿನ ಕಾರ್ಖಾನೆಗಳಲ್ಲಿ ಮಿಕ್ಕ ತುಂಡು ಅಗ್ಗಕ್ಕೂ ಸಿಗಬಹುದು. ಆದರೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, 20 ಮಿ.ಮೀ. ದಪ್ಪದ ಗ್ರಾನೈಟ್ ಸುಮಾರು 10 ಕೆ.ಜಿ. ತೂಗುತ್ತದೆ. ಅದರ ಮೇಲೆ ಒಂದೊಂದು ಕೆ.ಜಿ.ಯ ಎರಡು ದೀಪ, ನೀರು ತುಂಬಿದ ಕಳಶ, ವಿಗ್ರಹ. ಹದಿನೈದು ಕೆ.ಜಿ. ದಾಟಿತು. ಎರಡು ಬ್ರಾಕೆಟ್ ಸಾಲದು, ಮೂರು ಹಾಕಿಸಿ. ಅಷ್ಟೆಲ್ಲ ಯಾಕೆ ಅನ್ನುವವರು ದೀಪ ಇಡುವ ಕಡೆ ಮಾತ್ರ ಒಂದು ಅಡಿ ಚೌಕದ ಟೈಲ್ಸ್ ತುಂಡು ಇಡಿ, ಎರಡು ಕೆ.ಜಿ. ಒಳಗೇ ಇರುತ್ತದೆ, ಕೆಲಸ ಅದೇ.

ಬಾಡಿಗೆ ಮನೆಯವರು ಮೊಳೆ ಬೇಡ ಎಂದು ಅಂಟಿಸುವ ಪಟ್ಟಿ ನಂಬುತ್ತಾರೆ. ಅಂಟು ಗೋಡೆಯನ್ನು ಹಿಡಿಯುವುದಿಲ್ಲ, ಗೋಡೆಯ ಬಣ್ಣವನ್ನು ಹಿಡಿಯುತ್ತದೆ. ಡಿಸ್ಟೆಂಪರ್ ಬಳಿದ ಗೋಡೆಯಾದರೆ ಮಳೆಗಾಲದ ಒಂದು ರಾತ್ರಿ ಬಣ್ಣದ ಸಮೇತ ಕಿತ್ತು ಬರುತ್ತದೆ. ಹಗುರ ಫೋಟೊಗೆ ಸರಿ, ಎಣ್ಣೆ ತುಂಬಿದ ದೀಪಕ್ಕೆ ಖಂಡಿತ ಅಲ್ಲ. ಅವರಿಗೆ ಗಟ್ಟಿ ನಾಲ್ಕು ಕಾಲಿನ ಸ್ಟೂಲೇ ಲೇಸು.

ಅಡುಗೆಮನೆಯ ಕಲ್ಲಿನ ಕಟ್ಟೆಯ ಮೂಲೆಯೂ ಒಳ್ಳೆಯ ಜಾಗವೇ. ಒಂದು ಎಚ್ಚರಿಕೆ: ಸಿಲಿಂಡರ್ ಒಳಗೇ ಇದ್ದರೆ ನೆಲದ ಮೇಲೆ ದೀಪ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದುದ್ದಕ್ಕೂ ಹರಡಿ ನಿಲ್ಲುತ್ತದೆ. ಬೆಳಗ್ಗೆ ಕಿಟಕಿ ತೆಗೆದು, ವಾಸನೆ ನೋಡಿ, ಆಮೇಲೆ ಬೆಂಕಿಕಡ್ಡಿ.

ಕಪಾಟು, ಬಾಲ್ಕನಿ

ಪಿಜಿಯಲ್ಲಿ, ಹಂಚಿಕೊಂಡ ಕೋಣೆಯಲ್ಲಿ ಇರುವವರಿಗೆ ಕಪಾಟಿನ ಒಂದು ಖಾನೆಯೇ ಗುಡಿ. ತಪ್ಪೇನಿಲ್ಲ, ಬಾಗಿಲು ಮುಚ್ಚಿದರೆ ಗರ್ಭಗುಡಿ. ದೀಪ, ಊದುಬತ್ತಿ ಮಾತ್ರ ಹೊರಗೇ ಹಚ್ಚಿ, ಒಳಗೆ ಬೇಡವೇ ಬೇಡ. ಶಾಂತ ಮಾಡಿದ ಬತ್ತಿಯ ತುದಿಯ ಕೆಂಡ ಮುಚ್ಚಿದ ಕಪಾಟಿನ ಬಟ್ಟೆಗೆ ತಾಗಿದರೆ ಹೊಗೆ ಹೊರಬರುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಬತ್ತಿಯನ್ನು ಹೂವಿನ ತೊಟ್ಟಿನಿಂದ ಎಣ್ಣೆಗೆ ತಳ್ಳಿ ಮುಳುಗಿಸಿ, ಐದು ನಿಮಿಷ ಬಿಟ್ಟು ದೀಪವನ್ನು ಒಳಗಿಟ್ಟು ಬಾಗಿಲು ಹಾಕಿ. ಬಾಲ್ಕನಿ ತುಳಸಿಗೆ ಸರಿ, ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವುದಾದರೆ. ಫೋಟೊಗೆ ಸಲ್ಲ. ಎರಡು ಬೇಸಿಗೆಯಲ್ಲಿ ಮುಖ ಮಾಸಿಹೋಗುತ್ತದೆ.

ಹಿರಿಯರಿಗೆ ಮಣೆಯೇ ಯಾಕೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಎಡವಟ್ಟಾಗುವುದು ಇಲ್ಲೇ ಹೆಚ್ಚು.

ಹಳೇ ಮೈಸೂರು ಸೀಮೆಯ ಮನೆಗಳಲ್ಲಿ ಭಾದ್ರಪದ ಬಹುಳದ ಅಮಾವಾಸ್ಯೆ, ಅಂದರೆ ಮಹಾಲಯ, ಹಿರಿಯರ ಹಬ್ಬ. 2025ರಲ್ಲಿ ಅದು ಸೆಪ್ಟೆಂಬರ್ 21ಕ್ಕೆ ಬಂದಿತ್ತು. 2026ರಲ್ಲಿ ಅಧಿಕಮಾಸ ಇರುವುದರಿಂದ ಅಕ್ಟೋಬರ್ 10ಕ್ಕೆ. ಬಾಡೂಟದ ಎಡೆ ಇಕ್ಕುವವರು ಕ್ಯಾಲೆಂಡರನ್ನು ಇನ್ನೊಂದು ಕಾರಣಕ್ಕೂ ನೋಡಬೇಕು: 2024ರಲ್ಲಿ ಮಹಾಲಯ ಅಕ್ಟೋಬರ್ 2ರಂದೇ ಬಂದು, ಗಾಂಧಿ ಜಯಂತಿಯ ಮಾಂಸ ಮಾರಾಟ ನಿಷೇಧಕ್ಕೆ ಸಿಕ್ಕಿಕೊಂಡಿತ್ತು. ಅಂಥ ವರ್ಷ ಹಿಂದಿನ ದಿನವೇ ಕೊಂಡು ಫ್ರಿಜ್ಜಿಗೆ ಹಾಕದೆ ಬೇರೆ ದಾರಿ ಇಲ್ಲ.

ಜಾಗದ ಲೆಕ್ಕ ಹೀಗೆ. ಒಂದು ಕುಡಿಬಾಳೆ ಎಲೆ ಸುಮಾರು ಎರಡು ಅಡಿ ಉದ್ದ. ಮೂರು ಎಡೆಗೆ ನಡುವೆ ಸಂದು ಸೇರಿ ಆರೂವರೆ ಅಡಿ ಗೋಡೆ ಬೇಕು. ಎರಡು ಅಡಿ ಹಲಗೆಯ ಮೇಲೆ ಕೂರುವುದು ಒಂದೇ ಎಲೆ, ಅದೂ ಕಳಶ ಇಡದಿದ್ದರೆ. ಹತ್ತಡಿ ಹಾಲ್‌ನಲ್ಲಿ ಸೋಫಾ ಸರಿಸಿ, ದಕ್ಷಿಣದ ಗೋಡೆ ಖಾಲಿ ಮಾಡಿದರೆ ಮೂರೂ ನಿರಾಳವಾಗಿ ಕೂರುತ್ತವೆ. ದಕ್ಷಿಣ ಪಿತೃಗಳ ದಿಕ್ಕು, ಹಾಗಾಗಿ ಹಿರಿಯರ ಫೋಟೊವನ್ನೂ ಆ ಗೋಡೆಗೇ ಹಾಕುವ ರೂಢಿ. ದೇವರ ಈಶಾನ್ಯ ಮೂಲೆಗೂ ಇದಕ್ಕೂ ಸಹಜವಾಗಿಯೇ ದೂರ ಉಳಿಯುತ್ತದೆ, ವಾಸ್ತು ನಂಬದವರಿಗೂ ಇದು ಅನುಕೂಲ.

ನೆಲ ಸಾರಿಸಿ, ರಂಗೋಲಿ ಎಳೆದು, ಮೇಲೆ ಮಣೆ. ಹಲಸಿನ ಮಣೆ ಒಳ್ಳೆಯದು, ಹಗುರ, ಬಾಗುವುದಿಲ್ಲ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ ಇರಲಿ. ಮೇಲೆ ಒಗೆದ ಬಿಳಿ ಪಂಚೆ, ಅದರ ಮೇಲೆ ತಟ್ಟೆಯಲ್ಲಿ ಕಾಲು ಕೆ.ಜಿ. ಅಕ್ಕಿ. ಅಕ್ಕಿ ಶಾಸ್ತ್ರಕ್ಕಷ್ಟೇ ಅಲ್ಲ, ಚೊಂಬಿನ ದುಂಡು ತಳ ಅಲುಗದಂತೆ ಹಿಡಿಯುವುದೇ ಅದು. ಒಂದು ಲೀಟರಿನ ಚೊಂಬಿಗೆ ಮುಕ್ಕಾಲು ನೀರು. ಐದು ವೀಳ್ಯದೆಲೆ, ತೊಟ್ಟು ಒಳಗೆ, ತುದಿ ಹೊರಗೆ. ಮೇಲೆ ಜುಟ್ಟಿರುವ ಕಾಯಿ. ಕಳಶ ಉರುಳುವುದು ಸಾಮಾನ್ಯವಾಗಿ ಕಾಯಿ ಸಣ್ಣದಾದಾಗ: ಚೊಂಬಿನ ಬಾಯಿ ಎಂಟು ಸೆಂ.ಮೀ. ಇದ್ದರೆ ಕಾಯಿಯ ನಡುಭಾಗದ ಅಗಲ ಅದಕ್ಕಿಂತ ಎರಡು ಬೆರಳಾದರೂ ಹೆಚ್ಚಿರಬೇಕು, ಇಲ್ಲದಿದ್ದರೆ ಎಲೆ ಬಾಡುತ್ತಿದ್ದಂತೆ ಕಾಯಿ ಒಳಕ್ಕೆ ಕುಸಿದು ನೀರು ಪಂಚೆಗೆ ಹರಿಯುತ್ತದೆ. ಕಾಯಿ ಕೊಳ್ಳಲು ಹೋಗುವಾಗ ಚೊಂಬನ್ನೇ ಚೀಲಕ್ಕೆ ಹಾಕಿಕೊಂಡು ಹೋಗಿ, ಅಂಗಡಿಯವನು ನಕ್ಕರೆ ನಗಲಿ.

ಹಿರಿಯರಿಗೆ ತಂದ ಹೊಸ ಬಟ್ಟೆಯನ್ನು ಕಳಶದ ಹಿಂದೆ ಗೋಡೆಗೆ ಒರಗಿಸಿ ಇಡುತ್ತಾರೆ. ದೀಪ ಅದರಿಂದ ಒಂದೂವರೆ ಅಡಿ ಮುಂದೆ ಇರಲಿ. ಪಾಲಿಯೆಸ್ಟರ್ ಸೀರೆ ಹತ್ತಿಯಂತೆ ಬೂದಿಯಾಗುವುದಿಲ್ಲ, ಕರಗಿ ತೊಟ್ಟಿಕ್ಕುತ್ತದೆ, ತಾಗಿದ ಕಡೆ ಅಂಟಿ ಸುಡುತ್ತದೆ. ಸೆಖೆ ಎಂದು ಯಾರೋ ನೆಂಟರು ಫ್ಯಾನ್ ಹಾಕುವುದೇ ಇಂಥ ಅವಘಡಕ್ಕೆ ಕಾರಣ. ಆ ಹೊತ್ತಿಗೆ ಸ್ವಿಚ್ಚಿನ ಮೇಲೆ ಒಂದು ಕಾಗದ ಅಂಟಿಸಿ.

ಎಲೆಯ ತುದಿ ಯಾವ ಕಡೆ, ಎಡೆ ಎಷ್ಟು, ಬೀಡಿ ಇಡಬೇಕಾ, ಹೆಂಡ ಇಡಬೇಕಾ ಎಂಬುದನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡಿ, ಮನೆಯ ದೊಡ್ಡವರಿಗೆ ಫೋನ್ ಮಾಡಿ. ಒಂದೇ ಊರಿನ ಎರಡು ಮನೆಯಲ್ಲಿ ಎರಡು ರೀತಿ ಇರುತ್ತದೆ. ಸಸ್ಯಾಹಾರಿಗಳಿಗೆ ಮಾತ್ರ ಬಾಡಿಗೆ ಕೊಡುವ ಓನರ್ ಆದರೆ ಈ ಮಾತು ಕರಾರಿಗೆ ಮುಂಚೆಯೇ ಆಗಲಿ. ಎಡೆ ದಿನ ಘಮ ಮೆಟ್ಟಿಲಿಳಿದ ಮೇಲೆ ಮಾಡುವ ಮಾತು ಅದಲ್ಲ. ಆಗದಿದ್ದರೆ ಊರಿಗೇ ಹೋಗಿ ಇಕ್ಕಿ ಬನ್ನಿ, ಬಸ್ಸಿನಲ್ಲಿ ಸೀಟು ಸಿಕ್ಕರೆ.

ಧೂಪ ಮತ್ತು ಮುಚ್ಚಿದ ಬಾಗಿಲು

ಎಡೆ ಇಕ್ಕಿ ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆ ಹಾಕಿ ಎಲ್ಲರೂ ಹೊರಗೆ ನಿಲ್ಲುವ ಪದ್ಧತಿ ಅನೇಕ ಮನೆಗಳಲ್ಲಿದೆ. ತೊಟ್ಟಿಮನೆಯಲ್ಲಿ ನಡುವೆ ಆಕಾಶವೇ ಇತ್ತು. ಫ್ಲ್ಯಾಟಿನಲ್ಲಿ ಇದ್ದಿಲ ಕೆಂಡ ಮುಚ್ಚಿದ ಕೋಣೆಯಲ್ಲಿ ಉರಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಸಾಂಬ್ರಾಣಿಯ ಘಮದಲ್ಲಿ ಯಾರಿಗೂ ಸುಳಿವು ಸಿಗುವುದಿಲ್ಲ. ಒಂದು ಕಿಟಕಿ ಒಂದು ಗೇಣು ತೆರೆದೇ ಇರಲಿ. ಮಲಗಿರುವ ಮಗು, ವಯಸ್ಸಾದವರು ಆ ಕೋಣೆಯಲ್ಲಿ ಬೇಡ. ಮೂರು ತುಂಡು ಇದ್ದಿಲು, ಅರ್ಧ ಚಮಚ ಸಾಂಬ್ರಾಣಿ ಸಾಕು. ದುಂಡಗಿನ ದಿಢೀರ್ ಇದ್ದಿಲ ಬಿಲ್ಲೆಗಳಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಬೆರೆಸಿರುತ್ತಾರೆ, ಮೊದಲ ನಿಮಿಷ ಕಿಡಿ ಹಾರಿಸುತ್ತವೆ. ಬಾಲ್ಕನಿಯಲ್ಲಿ ಹಚ್ಚಿ, ಬೂದಿ ಕಟ್ಟಿದ ಮೇಲೆ ಒಳಗೆ ತನ್ನಿ.

ಎತ್ತರದ ಕಟ್ಟಡಗಳಲ್ಲಿ ಛಾವಣಿಗೆ ಹೊಗೆಯ ಅಲಾರಂ, ಪಕ್ಕದಲ್ಲೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರುತ್ತವೆ. ಧೂಪದ ಹೊಗೆಗೆ ಅಲಾರಂ ಕಿರುಚುತ್ತದೆ. ಸ್ಪ್ರಿಂಕ್ಲರಿಗೆ ಹೊಗೆಯ ಲೆಕ್ಕವಿಲ್ಲ, ಶಾಖದ್ದೇ ಲೆಕ್ಕ: ಕೆಂಪು ದ್ರವದ ಆ ಗಾಜಿನ ಕೊಳವೆ 68 ಡಿಗ್ರಿ ಸೆಲ್ಸಿಯಸ್‌ಗೆ ಒಡೆಯುವಂಥದ್ದು. ಅದರ ನೇರ ಕೆಳಗೆ ದೊಡ್ಡ ಕರ್ಪೂರದ ಆರತಿ ಎತ್ತಿದರೆ ಎಡೆ, ಕಳಶ, ಸೋಫಾ ಎಲ್ಲಕ್ಕೂ ಒಟ್ಟಿಗೇ ಅಭಿಷೇಕ. ಕರ್ಪೂರ ಎಂದ ಮೇಲೆ ಇನ್ನೊಂದು ಮಾತು: ಆರತಿಯ ಕರ್ಪೂರ ಬೇರೆ, ತೀರ್ಥಕ್ಕೆ ಹಾಕುವ ಪಚ್ಚ ಕರ್ಪೂರ ಬೇರೆ. ಡಬ್ಬಿ ಅದಲುಬದಲು ಆಗಬಾರದು. ಹಾಗೆಯೇ ಪಂಚಾಮೃತ, ಮೊಸರು ತಾಮ್ರದ ಪಾತ್ರೆಯಲ್ಲಿ ಬೇಡ. ಹುಳಿಗೆ ತಾಮ್ರ ಬಿಡುತ್ತದೆ, ಹಸಿರು ಕಿಲುಬು ಹೊಟ್ಟೆಗೆ ವಿಷ. ಬೆಳ್ಳಿ ಅಥವಾ ಸ್ಟೀಲ್ ಬಟ್ಟಲು ಇರಲಿ.

ಸಾಮಾನು ಎಲ್ಲಿ

ಹೂವು, ಬಾಳೆಎಲೆ ಹೆಚ್ಚು ಬೇಕಿದ್ದರೆ ಕೆ.ಆರ್. ಮಾರುಕಟ್ಟೆ, ಬೆಳಕು ಹರಿಯುವ ಮುಂಚೆ. ಸ್ವಲ್ಪ ಸಾಕಾದರೆ ಗಾಂಧಿ ಬಜಾರ್ ಅಥವಾ ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ. ಮಣ್ಣಿನ ಹಣತೆ, ಧೂಪದ ಪಾತ್ರೆಗೆ ಪಾಟರಿ ಟೌನ್. ಹೊಸ ಹಣತೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ದಿನದ ಎಣ್ಣೆಯನ್ನೆಲ್ಲ ಅದೇ ಕುಡಿಯುತ್ತದೆ. ಉಳಿದದ್ದು ಯಾವುದೇ ಗ್ರಂಧಿಗೆ ಅಂಗಡಿಯಲ್ಲಿ. ವಿಡಿಯೊ ನೋಡಿ ಸ್ಫಟಿಕದ ಕಲ್ಲು, ಹೊರದೇಶದ ಸೊಪ್ಪಿನ ಕಟ್ಟು ತರಿಸುವವರೂ ಈಗ ಇದ್ದಾರೆ. ಮುತ್ತಜ್ಜಿಗೆ ಅದರ ವಾಸನೆ ಗುರುತು ಸಿಗುವುದು ಕಷ್ಟ, ಲೋಬಾನ ಸಾಕು.

ಎತ್ತಿದ ಮೇಲೆ

ಕಾಗೆಗೆ ಇಡುವ ಎಡೆಯನ್ನು ಮನೆಯವರು ಉಣ್ಣುವ ಮೊದಲು ಮಹಡಿಯ ಕಟ್ಟೆಯ ಮೇಲೆ ಎಲೆಯಲ್ಲೇ ಇಡಿ. ಪಾರಿವಾಳದ ಬಲೆ ಕಟ್ಟಿದ ಬಾಲ್ಕನಿಗೆ ಕಾಗೆ ಬರುವುದಿಲ್ಲ. ಮಹಡಿಗೆ ಬೀಗ ಹಾಕುವ ಅಪಾರ್ಟ್‌ಮೆಂಟಿನಲ್ಲಿ ಹಿಂದಿನ ದಿನವೇ ಸೆಕ್ಯುರಿಟಿಯವರಿಗೆ ಕೀ ಬೇಕೆಂದು ಹೇಳಿಟ್ಟಿರಿ. ಪಾರಿವಾಳ ಬಂದು ತಿಂದರೆ? ತಿನ್ನಲಿ ಬಿಡಿ.

ಒಳಗಿನ ಎಡೆಯನ್ನು ಹೆಚ್ಚು ಹೊತ್ತು ಹಾಗೇ ಬಿಡಬೇಡಿ. ಮಾಂಸ, ಮೊಸರು, ಪಾಯಸ ಇರುವ ಎಲೆ ಎರಡು ಗಂಟೆ ದಾಟಿದರೆ ಕೆಡಲು ಶುರು. ಬೆಲ್ಲ, ತೆಂಗಿನಕಾಯಿಗೆ ಇರುವೆ ಸಾಲು ಹಿಡಿಯುವುದು ಇನ್ನೂ ಬೇಗ. ಅರಿಸಿನದ ಗೆರೆ ಇರುವೆಯನ್ನು ತಡೆಯುವುದಿಲ್ಲ. ನೈವೇದ್ಯದ ಬಟ್ಟಲನ್ನು ನೀರು ತುಂಬಿದ ಅಗಲ ತಟ್ಟೆಯಲ್ಲಿ ನಿಲ್ಲಿಸಿದರೆ ತಡೆಯುತ್ತದೆ. ಕಳಶದ ನೀರು ಗಿಡಕ್ಕೆ, ಅಕ್ಕಿ ಮರುದಿನದ ಪಾಯಸಕ್ಕೆ, ಎಲೆ ಮತ್ತು ಹೂವು ಹಸಿ ಕಸಕ್ಕೆ ಅಥವಾ ಗೊಬ್ಬರದ ಕುಂಡಕ್ಕೆ. ಮಣೆ ಒರೆಸಿ, ಬಿಸಿಲಲ್ಲಿ ಒಂದು ದಿನ ಒಣಗಿಸಿ, ಹಳೇ ಪಂಚೆಯಲ್ಲಿ ಸುತ್ತಿ ಅಟ್ಟಕ್ಕೆ. ಒದ್ದೆ ಮಣೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಮುಂದಿನ ಮಹಾಲಯಕ್ಕೆ ಬೂಷ್ಟು ಬಿಚ್ಚಿದಂತೆ.

ಉಳಿದದ್ದು ಮಾಸಿದ ಫೋಟೊ, ಒಡೆದ ಕಟ್ಟು. ಅದನ್ನು ಹಾಗೇ ತಂದು ಬೀದಿಯ ಅಶ್ವತ್ಥಕಟ್ಟೆಗೆ ಒರಗಿಸಿ ಹೋಗುವ ಚಾಳಿ ಊರಿಡೀ ಇದೆ. ಮಳೆಗೆ ನೆನೆದು, ಗಾಜು ಒಡೆದು, ನಾಗರಕಲ್ಲಿಗೆ ಹಾಲೆರೆಯಲು ಬರಿಗಾಲಲ್ಲಿ ಬರುವವರ ಪಾದಕ್ಕೆ ಚುಚ್ಚುತ್ತದೆ. ಮನೆಯಲ್ಲೇ ಬಿಚ್ಚಿ. ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ‘ಗಾಜು’ ಎಂದು ಬರೆದು ಒಣ ಕಸದವರ ಕೈಗೇ ಕೊಡಿ. ಹಿರಿಯರ ಫೋಟೊ ಆದರೆ ಮೊದಲು ಮೊಬೈಲಿನಲ್ಲಿ ಒಂದು ಪ್ರತಿ ತೆಗೆದಿಡಿ, ಆಮೇಲೆ ಕಾಗದವನ್ನು ಬಕೆಟ್ ನೀರಿನಲ್ಲಿ ಬಣ್ಣ ಬಿಡುವವರೆಗೆ ನೆನೆಸಿ. ಚೌಕಟ್ಟಿನ ಮರ ಚೆನ್ನಾಗಿದ್ದರೆ ಹೊಸ ಪ್ರತಿಗೆ ಅದೇ ಚೌಕಟ್ಟು, ಅದೇ ದಕ್ಷಿಣದ ಗೋಡೆಯ ಮೊಳೆಗೆ.